ಅಪ್ಪ ಬಿ ನೆಗೆಟಿವ್, ಕೊಟ್ಟ ಪ್ಲಾಸ್ಮಾ ಎಬಿ ಪಾಸಿಟಿವ್: ತಪ್ಪಾಯಿತೇ?

ಪ್ರಶ್ನೆ: ನನ್ನ ತಂದೆಗೆ 67 ವರ್ಷ. ಹೃದಯಕ್ಕೆ ಲೋಹದ ಕವಾಟ ಹಾಕಿಸಿದ್ದೇವೆ. ರಕ್ತ ಹೆಪ್ಪುಗಟ್ಟದಿರಲೆಂದು ದಿನಾ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಂಡಿನೋವು ಜಾಸ್ತಿಯಾಯಿತೆಂದು ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ಕೆಲವು ದಿನ ನುಂಗಿದರು. ಆಮೇಲೆ ಮಲ ಟಾರಿನಂತೆ ಕಪ್ಪಾಯಿತು, ರಕ್ತ ವಾಂತಿಯೂ ಆಯಿತು. ಆಸ್ಪತ್ರೆಯಲ್ಲಿ ನಾಲ್ಕು ಬ್ಯಾಗ್ ಪ್ಲಾಸ್ಮಾ ಕೊಟ್ಟರು. ಅಪ್ಪನ ಗುಂಪು ಬಿ ನೆಗೆಟಿವ್, ನನ್ನದು ಓ ಪಾಸಿಟಿವ್. ಓ ಗುಂಪಿನವರು ಯಾರಿಗೆ ಬೇಕಾದರೂ ಕೊಡಬಹುದು ಅಲ್ವಾ? ನನ್ನದನ್ನೇ ತಗೊಳ್ಳಿ ಎಂದರೆ ಬ್ಲಡ್ ಬ್ಯಾಂಕಿನವರು ಒಪ್ಪಲಿಲ್ಲ. ಕೊನೆಗೆ ಬ್ಯಾಗ್ ಮೇಲೆ ನೋಡಿದರೆ ‘ಎಬಿ ಪಾಸಿಟಿವ್’ ಎಂದಿತ್ತು. ರಕ್ತ ಹೊಂದುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆ ಕೂಡ ಮಾಡಲಿಲ್ಲ. ಅಪ್ಪ ಈಗ ಚೆನ್ನಾಗಿದ್ದಾರೆ. ಆದರೂ ತಪ್ಪು ಗುಂಪಿನದ್ದು ಕೊಟ್ಟರೇನೋ ಎಂಬ ಹೆದರಿಕೆ ಹೋಗಿಲ್ಲ.

ಉತ್ತರ: ತಪ್ಪಾಗಿಲ್ಲ, ಹೆದರಬೇಡಿ. ನಿಮ್ಮ ತಂದೆಗೆ ಎಬಿ ಪಾಸಿಟಿವ್ ಪ್ಲಾಸ್ಮಾ ಕೊಟ್ಟಿದ್ದು ಸರಿ. ನಿಮ್ಮ ಓ ಪ್ಲಾಸ್ಮಾ ಬೇಡ ಎಂದಿದ್ದೂ ಸರಿ. ಕ್ರಾಸ್‌ಮ್ಯಾಚ್ ಮಾಡದೇ ಇದ್ದದ್ದೂ ಸರಿ. ಆ ರಾತ್ರಿ ಯಾರಾದರೂ ಎರಡು ನಿಮಿಷ ನಿಂತು ನಿಮಗೆ ಇದನ್ನು ಬಿಡಿಸಿ ಹೇಳಬೇಕಿತ್ತು. ತುರ್ತು ವಾರ್ಡಿನಲ್ಲಿ ಅದಕ್ಕೆ ಪುರುಸೊತ್ತು ಸಿಗುವುದು ಕಷ್ಟ, ನಿಜ.

ಓ ಎಲ್ಲರಿಗೂ ಕೊಡಬಹುದು, ಎಬಿ ಎಲ್ಲರಿಂದಲೂ ಪಡೆಯಬಹುದು ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಅದು ಕೆಂಪು ರಕ್ತಕಣಗಳ ಮಾತು. ಪ್ಲಾಸ್ಮಾ, ಅಂದರೆ ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ರಕ್ತದ ದ್ರವ ಭಾಗದ ವಿಷಯಕ್ಕೆ ಬಂದರೆ ಆ ನಿಯಮ ಪೂರ್ತಿ ತಿರುವುಮುರುವು. ಎಬಿ ಪ್ಲಾಸ್ಮಾ ಎಲ್ಲರಿಗೂ ಆಗುತ್ತದೆ. ಓ ಪ್ಲಾಸ್ಮಾ ಓ ಗುಂಪಿನವರಿಗೆ ಮಾತ್ರ.

ಯಾಕೆ ಹೀಗೆ ಎಂದು ನೋಡೋಣ. ಕೆಂಪು ಕಣದ ಮೈಮೇಲೆ ಸಣ್ಣ ಸಣ್ಣ ಸಕ್ಕರೆ ಸರಪಳಿಗಳಿರುತ್ತವೆ. ಅದರ ತುದಿ ಒಂದು ಬಗೆಯದ್ದಾದರೆ ಎ, ಇನ್ನೊಂದು ಬಗೆಯದ್ದಾದರೆ ಬಿ, ಎರಡೂ ಇದ್ದರೆ ಎಬಿ, ಎರಡೂ ಇಲ್ಲದಿದ್ದರೆ ಓ. ಇವು ಆ್ಯಂಟಿಜೆನ್‌ಗಳು. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಇನ್ನರ್ಧ ಕಥೆ ಪ್ಲಾಸ್ಮಾದಲ್ಲಿದೆ. ನಮ್ಮ ಕಣದ ಮೇಲೆ ಯಾವ ಗುರುತು ಇಲ್ಲವೋ, ಅದರ ವಿರುದ್ಧದ ಪ್ರತಿಕಾಯ (ಆ್ಯಂಟಿಬಾಡಿ) ನಮ್ಮ ಪ್ಲಾಸ್ಮಾದಲ್ಲಿ ಇದ್ದೇ ಇರುತ್ತದೆ. ಎ ಗುಂಪಿನವರ ಪ್ಲಾಸ್ಮಾದಲ್ಲಿ ಬಿ-ವಿರೋಧಿ ಪ್ರತಿಕಾಯ. ಬಿ ಗುಂಪಿನವರಲ್ಲಿ ಎ-ವಿರೋಧಿ. ಓ ಗುಂಪಿನವರಲ್ಲಿ ಎರಡೂ. ಎಬಿಯವರಲ್ಲಿ ಎರಡೂ ಇಲ್ಲ.

ಯಾರ ರಕ್ತವನ್ನೂ ಪಡೆಯದೆ ಈ ಪ್ರತಿಕಾಯ ಎಲ್ಲಿಂದ ಬಂತು ಅಂತ ಕೇಳಬಹುದು. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳ ಮೈಮೇಲೂ ಎ, ಬಿ ಹೋಲುವ ಸಕ್ಕರೆಗಳಿವೆ. ಮಗುವಿನ ಹೊಟ್ಟೆಯಲ್ಲಿ ಅವು ನೆಲೆಯಾದ ಮೇಲೆ ದೇಹ ಅವುಗಳ ವಿರುದ್ಧ ಪ್ರತಿಕಾಯ ಕಟ್ಟಿಕೊಳ್ಳುತ್ತದೆ. ಹುಟ್ಟಿದ ಕೂಡಲೇ ಇವು ಇರುವುದಿಲ್ಲ, ಕೆಲವು ತಿಂಗಳು ಬೇಕು. ಹಾಗಾಗಿಯೇ ಎಳೆಮಗುವಿನ ರಕ್ತದ ಗುಂಪನ್ನು ಬರೀ ಕೆಂಪು ಕಣ ನೋಡಿ ಹೇಳುತ್ತಾರೆ. ದೊಡ್ಡವರದ್ದಾದರೆ ಕಣವನ್ನೂ ನೋಡುತ್ತಾರೆ, ಪ್ಲಾಸ್ಮಾವನ್ನೂ ನೋಡುತ್ತಾರೆ. ಎರಡೂ ತಾಳೆಯಾದರೆ ಮಾತ್ರ ಗುಂಪು ಬರೆಯುತ್ತಾರೆ.

ರಕ್ತದ ಗುಂಪುಗಳು ಪತ್ತೆಯಾಗಿದ್ದೂ ಹೀಗೆಯೇ. ವಿಯೆನ್ನಾದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ತಮ್ಮ ಮತ್ತು ಸಹೋದ್ಯೋಗಿಗಳ ರಕ್ತ ತೆಗೆದು, ಒಬ್ಬರ ಸೀರಮ್‌ಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ, ಇದರಲ್ಲೂ ಪ್ರತಿಕಾಯ ಇರುತ್ತದೆ) ಇನ್ನೊಬ್ಬರ ಕಣ ಬೆರೆಸುತ್ತಾ ಹೋದರು. ಕೆಲವು ಜೋಡಿ ಸುಮ್ಮನಿದ್ದವು, ಕೆಲವು ಗಂಟು ಕಟ್ಟಿದವು. 1901ರಲ್ಲಿ ಅವರು ಮೂರು ಗುಂಪುಗಳನ್ನು ಪ್ರಕಟಿಸಿದರು. ಎಬಿ ಸಿಕ್ಕಿದ್ದು 1902ರಲ್ಲಿ, ಅದೂ ಬೇರೆಯವರಿಗೆ. ಲ್ಯಾಂಡ್‌ಸ್ಟೈನರ್‌ಗೆ ನೊಬೆಲ್ ಬಂದಿದ್ದು 1930ರಲ್ಲಿ. ಆ ಪ್ರಯೋಗದಲ್ಲಿ ಅರ್ಧ ಪಾತ್ರ ಸೀರಮ್‌ನದ್ದು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಅವಸರದಲ್ಲಿ ದಾಟಿಬಿಡುತ್ತವೆ ಎಂಬುದು ನನ್ನ ತಕರಾರು.

ಈಗ ನಿಮ್ಮ ಮನೆಯ ವಿಷಯಕ್ಕೆ ಬರೋಣ. ನಿಮ್ಮ ಪ್ಲಾಸ್ಮಾದಲ್ಲಿ ಎ-ವಿರೋಧಿ, ಬಿ-ವಿರೋಧಿ ಎರಡೂ ಇವೆ. ತಂದೆಯವರ ಕೆಂಪು ಕಣಗಳ ಮೇಲೆ ಬಿ ಇದೆ. ನಿಮ್ಮ ಪ್ಲಾಸ್ಮಾ ಅವರ ಮೈಗೆ ಹೋಗಿದ್ದರೆ ಅದರಲ್ಲಿನ ಬಿ-ವಿರೋಧಿ ಪ್ರತಿಕಾಯಗಳು ಅವರ ಕಣಗಳಿಗೆ ಅಂಟಿಕೊಂಡು, ಅವು ರಾಗಿಹಿಟ್ಟು ಗಂಟು ಕಟ್ಟಿದಂತೆ ಕಟ್ಟಿಕೊಂಡು, ಒಡೆಯುತ್ತಿದ್ದವು. ಒಡೆದ ಕಣದಿಂದ ಹೊರಬಂದ ಹಿಮೋಗ್ಲೋಬಿನ್ ಮೂತ್ರಪಿಂಡಕ್ಕೆ ಹೊರೆ. ಮೊದಲೇ ರಕ್ತ ಕಳೆದುಕೊಂಡವರಿಗೆ ಅದು ದೊಡ್ಡ ಹೊಡೆತ. ಎಬಿ ಬ್ಯಾಗಿನಲ್ಲಿ ಆ ಪ್ರತಿಕಾಯಗಳೇ ಇಲ್ಲ. ಅದು ಯಾರ ಕಣವನ್ನೂ ಮುಟ್ಟುವುದಿಲ್ಲ.

ಹಾಗಾದರೆ ಓ ಗುಂಪಿನ ಕೆಂಪು ಕಣದ ಬ್ಯಾಗಿನಲ್ಲೂ ಸ್ವಲ್ಪ ಪ್ಲಾಸ್ಮಾ ಉಳಿದಿರುತ್ತದಲ್ಲ, ಅದು ಹೇಗೆ ನಡೆಯುತ್ತದೆ? ಒಳ್ಳೆಯ ಪ್ರಶ್ನೆ. ಅಲ್ಲಿರುವ ಪ್ಲಾಸ್ಮಾ ತೀರಾ ಕಡಿಮೆ. ದೊಡ್ಡವರೊಬ್ಬರ ಮೈಯಲ್ಲಿ ಎರಡೂವರೆ, ಮೂರು ಲೀಟರ್ ಪ್ಲಾಸ್ಮಾ ಇರುತ್ತದೆ. ಅದರಲ್ಲಿ ಬೆರೆತು ತೆಳುವಾಗಿಬಿಡುತ್ತದೆ. ನಿಮ್ಮ ತಂದೆಗೆ ಬೇಕಾಗಿದ್ದು ಅಂಥ ಚೂರಲ್ಲ. ಪ್ಲಾಸ್ಮಾವನ್ನು ಸಾಮಾನ್ಯವಾಗಿ ಒಂದು ಕೆಜಿ ತೂಕಕ್ಕೆ 10ರಿಂದ 15 ಮಿ.ಲೀ. ಲೆಕ್ಕದಲ್ಲಿ ಕೊಡುತ್ತಾರೆ. 60 ಕೆಜಿಯವರಿಗೆ 600ರಿಂದ 900 ಮಿ.ಲೀ. ಒಂದು ಬ್ಯಾಗ್ ಸುಮಾರು 200 ಮಿ.ಲೀ. ನಾಲ್ಕು ಬ್ಯಾಗ್ ಎಂಬ ಲೆಕ್ಕ ಅಲ್ಲಿಂದ ಬಂದಿದ್ದು. ಅಷ್ಟು ಓ ಪ್ಲಾಸ್ಮಾ ಬಿ ಗುಂಪಿನವರ ಮೈಗೆ ಸೇರಬಾರದು.

ಹಿಂದೆ ಪೂರ್ತಿ ರಕ್ತವನ್ನೇ ಕೊಡುತ್ತಿದ್ದ ಕಾಲದಲ್ಲಿ ಈ ತೊಂದರೆ ಕಣ್ಣಿಗೆ ಬಿದ್ದಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೇ, ಕೆಲವು ಓ ದಾನಿಗಳಲ್ಲಿ ಪ್ರತಿಕಾಯದ ಬಲ ಅತಿ ಜಾಸ್ತಿ ಇರುತ್ತದೆ, ಅವರ ರಕ್ತ ಬೇರೆ ಗುಂಪಿನವರಿಗೆ ಅಪಾಯ ಎಂದು ವೈದ್ಯರು ಕಂಡುಕೊಂಡಿದ್ದರು. ಅದೇ ಯುದ್ಧದಲ್ಲಿ ಇನ್ನೊಂದು ಸ್ವಾರಸ್ಯವೂ ನಡೆಯಿತು. ಅನೇಕ ದಾನಿಗಳ ಪ್ಲಾಸ್ಮಾವನ್ನು ಒಂದೇ ಕಡೆ ಸುರಿದು, ಒಣಗಿಸಿ, ಪುಡಿ ಮಾಡಿ ಯುದ್ಧಭೂಮಿಗೆ ಕಳಿಸುತ್ತಿದ್ದರು. ಗುಂಪು ನೋಡದೆ ಗಾಯಾಳುಗಳಿಗೆ ಕೊಡುತ್ತಿದ್ದರು. ಎಲ್ಲ ಗುಂಪೂ ಬೆರೆತಾಗ ಪ್ರತಿಕಾಯ ತೆಳುವಾಗುತ್ತದೆ. ಪ್ಲಾಸ್ಮಾದಲ್ಲೇ ಕರಗಿರುವ ಎ, ಬಿ ಸಕ್ಕರೆಗಳೂ ಅದನ್ನು ಒಂದಿಷ್ಟು ಹಿಡಿದಿಡುತ್ತವೆ. ಗುಂಪಿನ ಸಮಸ್ಯೆ ಹೀಗೆ ತಗ್ಗಿತು. ಆದರೆ ಒಬ್ಬ ದಾನಿಗೆ ಕಾಮಾಲೆಯ ವೈರಸ್ ಇದ್ದರೆ ಇಡೀ ರಾಶಿಗೆ ಹರಡುತ್ತಿತ್ತು. ಸೈನಿಕರಲ್ಲಿ ಹೆಪಟೈಟಿಸ್ ಹಬ್ಬಿದ್ದಕ್ಕೆ ಅದೂ ಒಂದು ಕಾರಣ.

ಇವತ್ತಿನ ನಿಯಮ ಸರಳ. ಓ ಗುಂಪಿನ ರೋಗಿಗೆ ಯಾವ ಗುಂಪಿನ ಪ್ಲಾಸ್ಮಾ ಆದರೂ ನಡೆಯುತ್ತದೆ. ಎ ರೋಗಿಗೆ ಎ ಅಥವಾ ಎಬಿ. ಬಿ ರೋಗಿಗೆ ಬಿ ಅಥವಾ ಎಬಿ. ಎಬಿ ರೋಗಿಗೆ ಎಬಿ ಮಾತ್ರ. ನಿಮ್ಮ ತಂದೆಗೆ ಬಿ ಬ್ಯಾಗೇ ಸಿಕ್ಕಿದ್ದರೂ ಸಾಕಿತ್ತು. ನನ್ನ ಮಟ್ಟಿಗೆ ಅದೇ ಮೊದಲ ಆಯ್ಕೆ. ಬಿ ಗುಂಪು ನಮ್ಮಲ್ಲಿ ಧಾರಾಳವಾಗಿದೆ. ಎಬಿ ದಾನಿಗಳು ನೂರರಲ್ಲಿ ಆರೇಳು ಮಂದಿ ಇದ್ದರೆ ಹೆಚ್ಚು. ಆದರೂ ಎಬಿ ಕೊಟ್ಟಿದ್ದಾರೆ ಎಂದರೆ ಬಿ ಪ್ಲಾಸ್ಮಾ ಖಾಲಿಯಾಗಿರಬಹುದು, ಇಲ್ಲವೇ ಬೇರೊಬ್ಬರಿಗೆಂದು ಫ್ರೀಜರ್‌ನಿಂದ ತೆಗೆದು ಕರಗಿಸಿದ ಎಬಿ ಬ್ಯಾಗ್ ಬಳಕೆಯಾಗದೆ ಉಳಿದಿರಬಹುದು. ಎರಡೂ ದಿನಬೆಳಗಾದರೆ ನಡೆಯುವಂಥವೇ.

ಎಬಿ ಕೊರತೆ ಬರೀ ನಮ್ಮದಲ್ಲ. ಅಪಘಾತವಾಗಿ, ಗುಂಪೇ ಗೊತ್ತಿಲ್ಲದೆ ಬರುವ ಗಾಯಾಳುಗಳಿಗೆ ಅಮೆರಿಕದ ಅನೇಕ ಟ್ರಾಮಾ ಕೇಂದ್ರಗಳು ಈಗ ಎ ಗುಂಪಿನ ಪ್ಲಾಸ್ಮಾವನ್ನೇ ಮೊದಲು ಕೊಡುತ್ತವೆ. ಅದು ಬಿ, ಎಬಿ ರೋಗಿಗಳಿಗೆ ನಿಯಮದ ಪ್ರಕಾರ ಹೊಂದುವುದಿಲ್ಲ. ಆದರೂ ಅಂಥವರಲ್ಲಿ ಸಾವು ಹೆಚ್ಚಾಗಿಲ್ಲ ಎಂದು 2017ರಲ್ಲಿ ಪ್ರಕಟವಾದ, ಹಲವು ಕೇಂದ್ರಗಳ ಅಧ್ಯಯನ ತೋರಿಸಿತು. ಎ ಗುಂಪಿನವರ ಬಿ-ವಿರೋಧಿ ಪ್ರತಿಕಾಯ ಸಾಮಾನ್ಯವಾಗಿ ಅಷ್ಟು ಜೋರಾಗಿರುವುದಿಲ್ಲ. ಜೊತೆಗೆ ಸುಮಾರು ಶೇ 80ರಷ್ಟು ಜನರ ಪ್ಲಾಸ್ಮಾದಲ್ಲಿ ಅವರವರ ಗುಂಪಿನ ಸಕ್ಕರೆ ಕರಗಿಯೇ ಇರುತ್ತದೆ. ಹೊರಗಿನಿಂದ ಬಂದ ಪ್ರತಿಕಾಯದ ಒಂದು ಪಾಲು ಅದಕ್ಕೇ ಅಂಟಿಕೊಂಡು ಮುಗಿದುಹೋಗುತ್ತದೆ. ಇದು ಪ್ರಾಣ ಹೋಗುವ ಗಳಿಗೆಯ ಲೆಕ್ಕ. ಗುಂಪು ಗೊತ್ತಿರುವಾಗ, ಸಮಯ ಇರುವಾಗ, ಸುಮ್ನೆ ಹಾಗೆ ಮಾಡುವಂತಿಲ್ಲ.

ಬಾಂಬೆ ಗುಂಪಿನವರದ್ದು ಇನ್ನೂ ವಿಚಿತ್ರ. 1952ರಲ್ಲಿ ಮುಂಬೈನಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಸಂಗಡಿಗರು ಗುರುತಿಸಿದ ಗುಂಪು ಇದು. ಇವರ ಕಣಗಳ ಮೇಲೆ ಎ, ಬಿ ಇರಲಿ, ಅವುಗಳಿಗೆ ಬುಡವಾದ ಎಚ್ ಕೂಡ ಇಲ್ಲ. ಇವರಿಗೆ ಕೆಂಪು ಕಣ ಬೇಕೆಂದರೆ ಇನ್ನೊಬ್ಬ ಬಾಂಬೆ ಗುಂಪಿನವರನ್ನೇ ಹುಡುಕಬೇಕು. ಪ್ಲಾಸ್ಮಾ ಬೇಕೆಂದರೆ ಯಾವ ಗುಂಪಿನದ್ದಾದರೂ ಆಗುತ್ತದೆ! ಆದರೆ ಅವರ ಪ್ಲಾಸ್ಮಾ ಬೇರೆ ಯಾರಿಗೂ ಆಗುವುದಿಲ್ಲ.

ಇನ್ನು ಆ ‘ಪಾಸಿಟಿವ್’. ನೆಗೆಟಿವ್ ಅಪ್ಪನಿಗೆ ಪಾಸಿಟಿವ್ ಹೇಗೆ ಎಂಬುದೇ ನಿಮ್ಮ ದೊಡ್ಡ ಭಯ ಅನ್ನಿಸುತ್ತದೆ. ಪಾಸಿಟಿವ್ ಎಂದರೆ ಕೆಂಪು ಕಣದ ಮೇಲೆ ಡಿ ಎಂಬ ಆ್ಯಂಟಿಜೆನ್ ಇದೆ ಎಂದು. ಪ್ಲಾಸ್ಮಾ ತೆಗೆಯುವಾಗ ಕಣಗಳನ್ನು ಬೇರ್ಪಡಿಸಿರುತ್ತಾರೆ. ಅಲ್ಪಸ್ವಲ್ಪ ಉಳಿದದ್ದೂ ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿಸಿ ಕರಗಿಸುವಾಗ ಒಡೆದುಹೋಗುತ್ತದೆ. ಡಿ-ವಿರೋಧಿ ಪ್ರತಿಕಾಯವೂ ಎ-ಬಿ ಪ್ರತಿಕಾಯದಂತೆ ತಾನಾಗಿ ಹುಟ್ಟುವುದಿಲ್ಲ. ಪಾಸಿಟಿವ್ ಕಣ ಮೈಗೆ ಸೇರಿದ್ದರೆ ಮಾತ್ರ ಹುಟ್ಟುತ್ತದೆ. ಆದ್ದರಿಂದ ಹೆಪ್ಪುಗಟ್ಟಿಸಿದ ಪ್ಲಾಸ್ಮಾಕ್ಕೆ ಪಾಸಿಟಿವ್-ನೆಗೆಟಿವ್ ಹೊಂದಿಸುವ ಅಗತ್ಯವಿಲ್ಲ. ಕ್ರಾಸ್‌ಮ್ಯಾಚ್ ಎಂದರೆ ರೋಗಿಯ ಪ್ಲಾಸ್ಮಾ ಮತ್ತು ದಾನಿಯ ಕಣ ಬೆರೆಸಿ ನೋಡುವುದು. ಬ್ಯಾಗಿನಲ್ಲಿ ಕಣವೇ ಇಲ್ಲದಿರುವಾಗ ಬೆರೆಸುವುದು ಏನನ್ನು? ಎಬಿಓ ಗುಂಪು ಹೊಂದಿದರೆ ಸಾಕು.

ಪ್ಲೇಟ್‌ಲೆಟ್ ಬೇರೆ ಮಾತು. ಡೆಂಗಿ ಸಮಯದಲ್ಲಿ ಮನೆಯವರು ಪ್ಲೇಟ್‌ಲೆಟ್‌ಗಾಗಿ ಓಡಾಡುತ್ತಾರಲ್ಲ, ಆ ಬ್ಯಾಗಿನಲ್ಲಿ ಪ್ಲೇಟ್‌ಲೆಟ್ ತೇಲುವುದು ಪ್ಲಾಸ್ಮಾದಲ್ಲೇ. ಒಬ್ಬರೇ ದಾನಿಯಿಂದ ಯಂತ್ರದಲ್ಲಿ ತೆಗೆದ ಓ ಗುಂಪಿನ ಬ್ಯಾಗನ್ನು ಎ ರೋಗಿಗೆ ಕೊಟ್ಟು, ಕೆಂಪು ಕಣ ಒಡೆದ ಪ್ರಸಂಗಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಅದಕ್ಕೇ ಅಲ್ಲೂ ಗುಂಪು ನೋಡುತ್ತಾರೆ.

ಮಗನಾಗಿ ನಿಮ್ಮದನ್ನೇ ಕೊಡಬೇಕು ಎನ್ನಿಸುವುದು ಸಹಜ. ಆದರೆ ನಿಮ್ಮ ಕೆಂಪು ಕಣವೂ ಅವರಿಗೆ ಹೊಂದುವುದಿಲ್ಲ, ನೀವು ಪಾಸಿಟಿವ್, ಅವರು ನೆಗೆಟಿವ್. (ಬಿ ನೆಗೆಟಿವ್ ಅಪ್ಪನಿಗೆ ಓ ಪಾಸಿಟಿವ್ ಮಗ ಹುಟ್ಟುವುದು ತೀರಾ ಸಾಮಾನ್ಯ. ಮನೆಯಲ್ಲಿ ಯಾರಾದರೂ ಹುಬ್ಬೇರಿಸಿದರೆ ಹೇಳಿ.) ಗುಂಪು ಹೊಂದಿದರೂ ಮಕ್ಕಳು, ಅಣ್ಣತಮ್ಮಂದಿರ ರಕ್ತವನ್ನು ನಾವು ಆದಷ್ಟೂ ತಪ್ಪಿಸುತ್ತೇವೆ. ಹತ್ತಿರದ ಸಂಬಂಧಿಯ ಬಿಳಿ ಕಣಗಳನ್ನು ರೋಗಿಯ ದೇಹ ಪರಕೀಯ ಎಂದು ಗುರುತಿಸದೆ ಬಿಟ್ಟುಬಿಡಬಹುದು. ಅವು ಒಳಗೇ ಬೇರೂರಿ ರೋಗಿಯ ಮೇಲೆಯೇ ತಿರುಗಿಬೀಳುತ್ತವೆ. ಅಪರೂಪ, ಆದರೆ ಬಂದರೆ ಬದುಕುವುದು ಬಹಳ ಕಷ್ಟ. ಕೊಡಲೇಬೇಕಾಗಿ ಬಂದರೆ ಬ್ಯಾಗಿಗೆ ಮೊದಲು ವಿಕಿರಣ ಹಾಯಿಸುತ್ತಾರೆ. ಹೆಪ್ಪುಗಟ್ಟಿಸಿದ ಪ್ಲಾಸ್ಮಾದಲ್ಲಿ ಮಾತ್ರ ಈ ಭಯವಿಲ್ಲ, ಅಲ್ಲಿ ಜೀವಂತ ಬಿಳಿ ಕಣ ಉಳಿದಿರುವುದಿಲ್ಲ.

ಹೋಗಲಿ, ಪ್ಲಾಸ್ಮಾ ಯಾಕೆ ಬೇಕಾಯಿತು? ಅದನ್ನೂ ತಿಳಿದುಕೊಳ್ಳಿ, ಮುಂದೆ ನಿಮಗೆ ಉಪಯೋಗಕ್ಕೆ ಬರುವುದು ಅದೇ. ವಾರ್ಫರಿನ್ ಎಂಬುದು ವಿಟಮಿನ್ ಕೆ ಕೆಲಸಕ್ಕೆ ಅಡ್ಡ ಬರುವ ಔಷಧ. ಆಗ ಯಕೃತ್ತಿನಲ್ಲಿ ರಕ್ತ ಹೆಪ್ಪುಗಟ್ಟಿಸುವ ನಾಲ್ಕು ಅಂಶಗಳು, ಅಂದರೆ 2, 7, 9 ಮತ್ತು 10ನೆಯವು, ಸರಿಯಾಗಿ ತಯಾರಾಗುವುದಿಲ್ಲ. ಲೋಹದ ಕವಾಟದ ಮೇಲೆ ರಕ್ತ ಗಟ್ಟಿಯಾಗದಿರಲು ಅದು ಬೇಕೇಬೇಕು. ಆದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸುರಿಯತೊಡಗಿದರೆ ನಿಲ್ಲಿಸಲು ಅದೇ ಅಂಶಗಳು ಬೇಕು. ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟರೂ ಯಕೃತ್ತು ಹೊಸದಾಗಿ ತಯಾರಿಸಲು ಹಲವು ಗಂಟೆ ಬೇಕು. ಪ್ಲಾಸ್ಮಾದಲ್ಲಿ ಅವು ಸಿದ್ಧವಾಗಿ ಇರುತ್ತವೆ. ಪಿಸಿಸಿ ಎಂಬ ಪುಡಿ ಔಷಧವೂ ಇದೆ. ಅದರಲ್ಲಿ ಇದೇ ಅಂಶಗಳು ಸಾಂದ್ರವಾಗಿರುತ್ತವೆ. ಸ್ವಲ್ಪವೇ ನೀರಿನಲ್ಲಿ ಕರಗಿಸಿ ಬೇಗ ಕೊಡಬಹುದು, ಗುಂಪು ನೋಡಬೇಕಿಲ್ಲ. ತಂದೆಯವರಂಥ ಹೃದ್ರೋಗಿಗೆ ನಾನಾಗಿದ್ದರೆ ಅದನ್ನೇ ಬಯಸುತ್ತಿದ್ದೆ. ದುಬಾರಿ, ಎಲ್ಲ ಕಡೆ ಸಿಗುವುದೂ ಇಲ್ಲ. ಆಗ ಪ್ಲಾಸ್ಮಾವೇ ಗತಿ.

ನೋವಿನ ಮಾತ್ರೆ ಮಾಡಿದ ಹಾನಿಯ ಹಿಂದೆಯೂ ಪ್ಲಾಸ್ಮಾದ ಒಂದು ಕಥೆ ಇದೆ. ರಕ್ತದಲ್ಲಿರುವ ವಾರ್ಫರಿನ್‌ನ ಸುಮಾರು ಶೇ 99 ಭಾಗ ಪ್ಲಾಸ್ಮಾದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡೇ ಇರುತ್ತದೆ. ಕೆಲಸ ಮಾಡುವುದು ಉಳಿದ ಒಂದು ಭಾಗ. ನೋವಿನ ಮಾತ್ರೆಗಳೂ ಅದೇ ಆಲ್ಬುಮಿನ್‌ಗೆ ಅಂಟುತ್ತವೆ. ಹಾಗಾಗಿ ಅವು ವಾರ್ಫರಿನ್ ಅನ್ನು ಎತ್ತಂಗಡಿ ಮಾಡುತ್ತವೆ, ಅದಕ್ಕೇ ರಕ್ತಸ್ರಾವ ಎಂದು ಔಷಧ ಸಂಶೋಧಕರು ಬಹಳ ಕಾಲ ನಂಬಿದ್ದರು. ಲೆಕ್ಕ ನೋಡಿದರೆ ನಿಜ ಅನ್ನಿಸುತ್ತದೆ: ಶೇ 99 ಹೋಗಿ 98 ಆದರೆ ಬಿಡುಗಡೆಯಾದ ಔಷಧ ಎರಡು ಪಟ್ಟು! ಆದರೆ ಬಿಡುಗಡೆಯಾದದ್ದನ್ನು ಯಕೃತ್ತು ಬೇಗನೆ ಹೊರಹಾಕುತ್ತದೆ. ಆ ಏರಿಕೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. 1970ರ ದಶಕದಲ್ಲಿ ಫಿನೈಲ್‌ಬ್ಯುಟಜೋನ್ ಎಂಬ ಹಳೆಯ ನೋವಿನ ಮಾತ್ರೆಯನ್ನು ಹತ್ತಿರದಿಂದ ನೋಡಿದಾಗ ನಿಜವಾದ ಕಾರಣ ಸಿಕ್ಕಿತು. ವಾರ್ಫರಿನ್‌ನಲ್ಲಿ ಎರಡು ರೂಪಗಳಿವೆ. ಹೆಚ್ಚು ಬಲವಾದ ರೂಪವನ್ನು ಯಕೃತ್ತು ಒಡೆಯುವುದನ್ನೇ ಆ ಮಾತ್ರೆ ತಡೆಯುತ್ತಿತ್ತು. ಇವತ್ತಿನ ನೋವಿನ ಮಾತ್ರೆಗಳಲ್ಲಿ ಇನ್ನೂ ದೊಡ್ಡ ತೊಂದರೆ ಬೇರೆಯೇ. ಅವು ಹೊಟ್ಟೆಯ ಒಳಪದರವನ್ನು ಕೆಡಿಸುತ್ತವೆ, ಹಲವು ಮಾತ್ರೆಗಳು ಪ್ಲೇಟ್‌ಲೆಟ್‌ಗಳನ್ನೂ ಮಂಕಾಗಿಸುತ್ತವೆ. ವಾರ್ಫರಿನ್ ಜೊತೆ ಸೇರಿದರೆ ನಿಮ್ಮ ತಂದೆಗೆ ಆದದ್ದು ಆಗುತ್ತದೆ.

ಪ್ಲಾಸ್ಮಾ ಅಪಾಯವೇ ಇಲ್ಲದ ದ್ರವ ಎಂದುಕೊಳ್ಳಬೇಡಿ. ಗುಂಪು ಹೊಂದಿದರೂ ಮೈ ತುರಿಕೆ, ದದ್ದು ಬರಬಹುದು. ಅದು ಸಾಮಾನ್ಯ. ಕವಾಟದ ತೊಂದರೆ ಇರುವವರಿಗೆ ನಾಲ್ಕು ಬ್ಯಾಗ್ ಬೇಗ ಬೇಗ ಕೊಟ್ಟರೆ ಹೃದಯಕ್ಕೆ ಹೊರೆಯಾಗಿ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಇನ್ನೊಂದು, ಟ್ರಾಲಿ ಎಂಬ ತೊಂದರೆ. ಹಲವು ಬಾರಿ ಬಸುರಾದ ಕೆಲವು ಹೆಂಗಸರ ಪ್ಲಾಸ್ಮಾದಲ್ಲಿ ಬೇರೆಯವರ ಬಿಳಿ ಕಣಗಳ ವಿರುದ್ಧ ಪ್ರತಿಕಾಯ ಇರುತ್ತದೆ. ಮಗುವಿನ ಕಣಗಳು ತಾಯಿಯ ರಕ್ತಕ್ಕೆ ಸೇರಿದ್ದರಿಂದ ಬಂದದ್ದು. ಅಂಥ ಪ್ಲಾಸ್ಮಾ ಪಡೆದವರಿಗೆ ಆರು ಗಂಟೆಯೊಳಗೆ ಜೋರು ಉಸಿರುಗಟ್ಟುವಿಕೆ ಬರಬಹುದು. ಬ್ರಿಟನ್ 2003ರಿಂದ ಪ್ಲಾಸ್ಮಾಕ್ಕೆ ಗಂಡಸರ ರಕ್ತವನ್ನೇ ಆದ್ಯತೆಯ ಮೇಲೆ ಬಳಸತೊಡಗಿದ ಮೇಲೆ ಈ ಸಾವುಗಳು ಕಡಿಮೆಯಾದವು. ಬ್ಯಾಗ್ ಹೋಗುತ್ತಿರುವಾಗ ಅಥವಾ ಮುಗಿದ ಕೆಲ ಗಂಟೆಗಳಲ್ಲಿ ಉಸಿರಾಟ ಕಷ್ಟವಾದರೆ ತಕ್ಷಣ ನರ್ಸ್‌ಗೆ ಹೇಳಬೇಕು. ನಿಮ್ಮ ತಂದೆಯವರಿಗೆ ಆ ಗಡಿ ಎಂದೋ ದಾಟಿದೆ.

ಹೀಗಾಗಿ ಸುಸ್ತು, ನಿಶ್ಶಕ್ತಿ, ಪ್ರೋಟೀನ್ ಕಡಿಮೆ ಎಂದೆಲ್ಲ ಪ್ಲಾಸ್ಮಾ ಕೇಳುವುದು ಸರಿಯಲ್ಲ. ಅದು ಟಾನಿಕ್ ಅಲ್ಲ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಿದೆ ಎಂಬ ಒಂದೇ ಕಾರಣಕ್ಕೂ ಬೇಡ. ಕೊಳಕುಮಂಡಲ ಕಚ್ಚಿದಾಗ ರಕ್ತ ಹೆಪ್ಪುಗಟ್ಟುವುದಿಲ್ಲ, ನಿಜ. ಆದರೆ ಮೊದಲು ಬೇಕಾದ್ದು ವಿಷನಿರೋಧಕ ಇಂಜೆಕ್ಷನ್. ವಿಷ ಮೈಯಲ್ಲಿರುವಾಗ ಪ್ಲಾಸ್ಮಾ ಹಾಕಿದರೆ ಹೊಸದಾಗಿ ಬಂದ ಅಂಶಗಳನ್ನೂ ಅದು ತಿಂದುಹಾಕುತ್ತದೆ. (ಆ ಇಂಜೆಕ್ಷನ್ ತಯಾರಾಗುವುದೂ ಕುದುರೆಯ ಪ್ಲಾಸ್ಮಾದಿಂದಲೇ.) ಕೋವಿಡ್ ಕಾಲದಲ್ಲಿ ಗುಣವಾದವರ ಪ್ಲಾಸ್ಮಾಕ್ಕಾಗಿ ಜನ ಮೊಬೈಲಿನಲ್ಲಿ ಬೇಡಿಕೊಂಡದ್ದು ನೆನಪಿರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪರೀಕ್ಷೆ ನಡೆಸಿತು. ಸಾವು ಕಡಿಮೆಯಾಗಲಿಲ್ಲ, ಕಾಯಿಲೆ ಬಿಗಡಾಯಿಸುವುದೂ ನಿಲ್ಲಲಿಲ್ಲ. 2021ರ ಮೇ ತಿಂಗಳಲ್ಲಿ ಅದನ್ನು ಚಿಕಿತ್ಸಾ ಪಟ್ಟಿಯಿಂದ ತೆಗೆದರು.

ಮತ್ತೆ ಯಾವಾಗಲಾದರೂ ಪ್ಲಾಸ್ಮಾ ತರುವ ಪ್ರಸಂಗ ಬಂದರೆ ಇದು ಗಮನದಲ್ಲಿರಲಿ. ಅದು ಬ್ಲಡ್ ಬ್ಯಾಂಕಿನಲ್ಲಿ ಮೈನಸ್ 30 ಡಿಗ್ರಿಯಲ್ಲಿ ಕಲ್ಲಿನಂತೆ ಇರುತ್ತದೆ, ಒಂದು ವರ್ಷ ಬಾಳುತ್ತದೆ. 37 ಡಿಗ್ರಿ ನೀರಿನಲ್ಲಿ ಕರಗಿಸಿ ಕೊಡುತ್ತಾರೆ, ಅದಕ್ಕೆ ಅರ್ಧ ಗಂಟೆ ಹಿಡಿಯಬಹುದು. ಗೊಣಗದೆ ಕಾಯಿರಿ. ನಾವೇ ನಲ್ಲಿ ಕೆಳಗೆ ಹಿಡಿದು ಕರಗಿಸುವುದು, ಬಿಸಿಲಿಗೆ ಇಡುವುದು ಬೇಡ. ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ, ಬೇಗ ಬಳಸಬೇಕು. ಬಣ್ಣ ನೋಡಿ ಗಾಬರಿಯಾಗಬೇಡಿ. ಸಾಮಾನ್ಯವಾಗಿ ತಿಳಿ ಹಳದಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ದಾನಿಯದ್ದಾದರೆ ಹಸಿರು ಛಾಯೆ ಇರಬಹುದು.

ತಂದೆಯವರ ವಾರ್ಫರಿನ್ ಅನ್ನು ಹೆದರಿ ನಿಲ್ಲಿಸಬೇಡಿ, ಕವಾಟದ ಮೇಲೆ ರಕ್ತ ಗಟ್ಟಿಯಾದರೆ ಅದು ಇನ್ನೂ ದೊಡ್ಡ ಅಪಾಯ. ಹೃದಯದ ವೈದ್ಯರನ್ನು ಕಂಡು, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ಅಳೆಯುವ ಐಎನ್‌ಆರ್ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಎಂದು ಬರೆಸಿಕೊಳ್ಳಿ. ಮಂಡಿನೋವಿಗೆ ಯಾವ ಮಾತ್ರೆ, ಎಷ್ಟು ಎಂಬುದನ್ನೂ ಅವರನ್ನೇ ಕೇಳಿ. ಪ್ಯಾರಾಸಿಟಮಾಲ್ ಹೊಟ್ಟೆಗೆ ಮೃದು. ಆದರೆ ದಿನಾ ಹೆಚ್ಚು ನುಂಗಿದರೆ ಅದೂ ಐಎನ್‌ಆರ್ ಏರಿಸುತ್ತದೆ. ಬಿ ನೆಗೆಟಿವ್, ವಾರ್ಫರಿನ್, ಲೋಹದ ಕವಾಟ ಎಂದು ಒಂದು ಚೀಟಿಯಲ್ಲಿ ಬರೆದು ಅವರ ಜೇಬಿನಲ್ಲಿ ಇಡಿ. ನಿಮಗೆ ರಕ್ತ ಕೊಡುವ ಮನಸ್ಸಿದ್ದರೆ ಊರಿನ ಬ್ಲಡ್ ಬ್ಯಾಂಕಿಗೆ ಹೋಗಿ ಕೊಡಿ. ನಿಮ್ಮ ಕೆಂಪು ಕಣ ಯಾವ ಪಾಸಿಟಿವ್ ಗುಂಪಿನವರಿಗಾದರೂ ಆಗುತ್ತದೆ, ಪ್ಲಾಸ್ಮಾ ಇನ್ನೊಬ್ಬ ಓ ರೋಗಿಗೆ.